ಕೆಟಲ್‌ಬೆಲ್ ಸ್ವಿಂಗ್: ಬಾಗುವ ಮುನ್ನ ತುಸು ಕಾಯಿರಿ

ಕೆಟಲ್‌ಬೆಲ್ ಎಂಬ ಹಿಡಿಕೆಯುಳ್ಳ ಭಾರದ ಗುಂಡನ್ನು (ಚಿಕ್ಕದಾಗಿ ‘ಬೆಲ್’) ಕಾಲುಗಳ ನಡುವಿನಿಂದ ಎದೆಮಟ್ಟಕ್ಕೆ ಬೀಸುವ ವ್ಯಾಯಾಮವೇ ಸ್ವಿಂಗ್. ಅದನ್ನು ಮಾಡಿದ ಮರುದಿನ ತೊಡೆಯ ಹಿಂಭಾಗ ಮತ್ತು ಪೃಷ್ಠದಲ್ಲಿ ದಣಿವು ಕಾಣಿಸಿಕೊಳ್ಳಬೇಕು. ಅದರ ಬದಲು ಕೆಳಬೆನ್ನು ಹಿಡಿದುಕೊಂಡಿದ್ದರೆ, ಬೆಲ್ ಮೇಲೇರುವಾಗ ಏನಾಗುತ್ತಿದೆ ಎನ್ನುವುದಕ್ಕಿಂತ ಅದು ಇಳಿಯುವಾಗ ಏನಾಗುತ್ತಿದೆ ಎಂಬುದನ್ನು ಮೊದಲು ಪರೀಕ್ಷಿಸಬೇಕು.

ಸ್ವಿಂಗ್ ಬಸ್ಕಿಯಲ್ಲ. ಗೋಡೆಗೆ ಬೆನ್ನು ಮಾಡಿ, ಒಂದು ಗೇಣು ಮುಂದೆ ನಿಂತು, ಮೊಣಕಾಲನ್ನು ಅಲ್ಪವೇ ಮಡಚಿ, ಬೆನ್ನು ನೇರವಾಗಿರುವಂತೆಯೇ ಪೃಷ್ಠವು ಗೋಡೆಗೆ ತಾಗುವವರೆಗೆ ಸೊಂಟವನ್ನು ಹಿಂದಕ್ಕೆ ತಳ್ಳಿರಿ. ಈ ಚಲನೆ ಸಲೀಸಾಗುವವರೆಗೆ ಬೆಲ್ ಮುಟ್ಟದಿರುವುದೇ ಒಳ್ಳೆಯದು.

ಆರಂಭದಲ್ಲಿ ಬೆಲ್ ಪಾದಗಳಿಂದ ಸುಮಾರು ಒಂದು ಅಡಿ ಮುಂದಿರಲಿ. ಅದನ್ನು ತನ್ನತ್ತ ವಾಲಿಸಿ ಹಿಡಿದು, ಕಾಲುಗಳ ನಡುವೆ ಹಿಂದಕ್ಕೆ ಬಲವಾಗಿ ಎಳೆದು, ಹಿಮ್ಮಡಿ ಊರಿಕೊಂಡು ಥಟ್ಟನೆ ಎದ್ದು ನಿಲ್ಲಬೇಕು. ಬೆಲ್ ಎದೆಮಟ್ಟಕ್ಕೆ ಏರುವುದು ಸೊಂಟದ ಆ ರಭಸದಿಂದಲೇ ಹೊರತು ಭುಜದ ಬಲದಿಂದಲ್ಲ. ತೋಳುಗಳು ಹಗ್ಗದಂತೆ ಬರಿಯ ಕೊಂಡಿಯಾಗಿದ್ದರೆ ಸಾಕು. ಎದ್ದು ನಿಲ್ಲುವಾಗ ಉಸಿರನ್ನು ಚುರುಕಾಗಿ ಹೊರಬಿಟ್ಟು, ಪೃಷ್ಠವನ್ನು ಬಿಗಿಗೊಳಿಸಿ. ಮೇಲೆ ಹಿಂದಕ್ಕೆ ವಾಲುವುದು ಬೇಡ.

ನಿಜವಾದ ಕಸುಬು ಇರುವುದು ಇದರ ನಂತರ. ಮೇಲ್ತುದಿಯಲ್ಲಿ ಬೆಲ್ ಕ್ಷಣಕಾಲ ಭಾರವಿಲ್ಲದಂತೆ ತೇಲುತ್ತದೆ; ಅದು ಇಳಿಯತೊಡಗಿದೊಡನೆ ಬಾಗಬೇಕೆಂಬ ಆತುರ ಬಹುತೇಕ ಎಲ್ಲರಿಗೂ ಇರುತ್ತದೆ. ಹಾಗೆ ಬೇಗ ಬಾಗಿದರೆ ಬೆಲ್ ದೇಹದಿಂದ ದೂರ ಉಳಿದು, ಮೊಣಕಾಲಿಗಿಂತ ಕೆಳಗೆ ಜೋತುಬಿದ್ದು, ಮುಂಡವನ್ನು ಮುಂದಕ್ಕೆಳೆಯುತ್ತದೆ, ಆ ಎಳೆತವನ್ನು ತಡೆಯುವ ಕೆಲಸ ಬೆನ್ನಿನ ಪಾಲಿಗೆ ಬರುತ್ತದೆ. ಆದ್ದರಿಂದ ಮೇಲ್ತೋಳು ಪಕ್ಕೆಲುಬಿಗೆ ಬಂದು ತಾಗುವವರೆಗೆ ನೆಟ್ಟಗೆ ನಿಂತೇ ಇದ್ದು, ಬೆಲ್ ಇನ್ನೇನು ತೊಡೆಸಂದಿಗೆ ಬಡಿಯಿತು ಎನ್ನಿಸುವಾಗ ಸೊಂಟವನ್ನು ಹಿಂದಕ್ಕೆ ಸರಿಸಿ ಅದಕ್ಕೆ ದಾರಿ ಬಿಡಬೇಕು. ಆಗ ಮುಂಗೈಗಳು ತೊಡೆಗಳ ಒಳಬದಿಯ ಮೇಲ್ಭಾಗವನ್ನು ಸವರುತ್ತವೆ. ಮೊದಮೊದಲು ಇದು ತಡವಾಯಿತೇನೋ ಎಂದು ಭಯವಾಗುತ್ತದೆ. ಆ ಭಯ ಬಂದರೆ ಸಮಯ ಹೆಚ್ಚುಕಡಿಮೆ ಸರಿಯಾಗಿದೆಯೆಂದು ತಿಳಿಯಬಹುದು.

ತೋಳಿನಿಂದ ಎತ್ತುವ ಚಾಳಿಯನ್ನು ಪತ್ತೆಹಚ್ಚಲು ಹಿಡಿಕೆಯೊಳಗೆ ಟವೆಲ್ ತೂರಿಸಿ, ಅದರ ಎರಡೂ ತುದಿಗಳನ್ನು ಹಿಡಿದು ಸ್ವಿಂಗ್ ಮಾಡಿ ನೋಡಿ. ತೋಳು, ಟವೆಲ್ ಮತ್ತು ಬೆಲ್ ಒಂದೇ ಗೆರೆಯಲ್ಲಿದ್ದರೆ ಬಲ ಸೊಂಟದಿಂದ ಬರುತ್ತಿದೆ. ಬೆಲ್ ಕೆಳಕ್ಕೆ ಜೋಲಿದರೆ ಭುಜ ಕೆಲಸ ಮಾಡುತ್ತಿದೆ. ತೀರಾ ಹಗುರ ತೂಕದಲ್ಲಿ ಈ ದೋಷ ಅಡಗಿಬಿಡುತ್ತದೆ, ಹಾಗಾಗಿ ಗಂಡಸರು ಸಾಮಾನ್ಯವಾಗಿ 16 ಕಿಲೋ, ಹೆಂಗಸರು 8ರಿಂದ 12 ಕಿಲೋ ತೂಕದಿಂದ ಆರಂಭಿಸುವುದು ರೂಢಿ.

ಒಂದು ಸುತ್ತಿಗೆ 10 ಸ್ವಿಂಗ್ ಸಾಕು. ಪಕ್ಕದಿಂದ ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಹಿಂದಕ್ಕೆ ಹೋದ ಬೆಲ್ ಮೊಣಕಾಲಿಗಿಂತ ಮೇಲಿದೆಯೇ ಎಂದು ಗಮನಿಸಿ. ಕೆಳಗಿಳಿಯತೊಡಗಿದರೆ ಎಣಿಕೆ ಮುಗಿಯದಿದ್ದರೂ ಆ ಸುತ್ತನ್ನು ಅಲ್ಲಿಗೇ ನಿಲ್ಲಿಸಿ.