ಮುಂದಿಂದು ಐತೇನ್ರಿ?

ದಾವಣಗೆರೆಯಲ್ಲಿ ಬಾಡಿಗೆ ಲೈಬ್ರರಿ ನಡೆಸೋಕೆ ಶುರು ಮಾಡಿ ನನಗೀಗ ಹತ್ತಿರ ಹತ್ತಿರ 28 ವರ್ಷ. ಅಪ್ಪ ನಡೆಸಿದ್ದನ್ನೂ ಸೇರಿಸಿದರೆ 45 ದಾಟುತ್ತದೆ. ಈ ಕಸುಬಿನಲ್ಲಿದ್ದ ನನ್ನ ಗೆಳೆಯರು ಒಬ್ಬೊಬ್ಬರಾಗಿ ಬಾಗಿಲು ಹಾಕಿದರು. ಒಬ್ಬರು ಜೆರಾಕ್ಸ್ ಅಂಗಡಿ ಇಟ್ಟರು, ಇನ್ನೊಬ್ಬರು ಮೊಬೈಲ್ ಕವರ್ ಮಾರುತ್ತಾರೆ. 2017ರಲ್ಲಿ ನಾನು ‘ಇನ್ನು ಮೇಲೆ ಸರಣಿ ಪುಸ್ತಕಗಳ ಮೇಲೇ ಲೈಬ್ರರಿ ನಿಲ್ಲಿಸ್ತೀನಿ’ ಅಂದಾಗ ಅವರೆಲ್ಲ ಬೇಡ ಅಂದರು. ‘ಒಂದು ಪುಸ್ತಕ ಓದೋರೇ ಇಲ್ಲ, ನೀನು ಎಂಟೆಂಟು ಓದಿಸ್ತೀಯಾ?’ ಅಂತ ಕೇಳಿದರು. ಮನೆಯಲ್ಲೂ ಅದೇ ಮಾತು.

ಈಗ ನನ್ನ ಹತ್ತಿರ ಸುಮಾರು 140 ಜನ ಮೆಂಬರು ಇದ್ದಾರೆ. ಅದರಲ್ಲಿ 85-90 ಜನ ಯಾವುದಾದರೂ ಒಂದು ಸರಣಿಯನ್ನು ಮೊದಲಿಂದ ಕೊನೆವರೆಗೆ ಓದಿ ಮುಗಿಸಿದವರು. ಅದಕ್ಕೇ ಇದೇ ಕಸುಬಿನಲ್ಲಿರೋ ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ. ಲೆಡ್ಜರ್ ಹೇಗಿಡಬೇಕು, ರಟ್ಟು ಹೇಗೆ ಕಟ್ಟಬೇಕು ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ನಾನು ಎಡವಿದ್ದು ಎಲ್ಲಿ ಅನ್ನೋದನ್ನೇ ಹೆಚ್ಚು ಹೇಳುತ್ತೇನೆ.

ನಾನು ಹಿಡಿದದ್ದು ಕಾದಂಬರಿಕಾರ ತ.ರಾ.ಸು. ಅವರ ದುರ್ಗದ, ಅಂದರೆ ಚಿತ್ರದುರ್ಗದ ಪಾಳೆಯಗಾರರ ಕಥೆಯ ಕಾದಂಬರಿಗಳನ್ನು. ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ ಅಂತ ಮೊದಲ ಮೂರು. ಆಮೇಲೆ ಹೊಸಹಗಲು, ವಿಜಯೋತ್ಸವ, ರಾಜ್ಯದಾಹ, ಕಸ್ತೂರಿ ಕಂಕಣ. ಕೊನೆಗೆ ದುರ್ಗಾಸ್ತಮಾನ. ಒಟ್ಟು ಎಂಟು. ಇದನ್ನೇ ಯಾಕೆ ಹಿಡಿದೆ ಅಂದರೆ, ನಮ್ಮೂರಿಂದ ದುರ್ಗಕ್ಕೆ ಬಸ್ಸಲ್ಲಿ ಒಂದೂವರೆ ಗಂಟೆ ದಾರಿ. ತ.ರಾ.ಸು. ಹುಟ್ಟಿದ್ದು ಇಲ್ಲೇ ಮಲೇಬೆನ್ನೂರಲ್ಲಿ, 1920ರಲ್ಲಿ. ಮನೆತನ ಚಳ್ಳಕೆರೆ ಕಡೆಯ ತಳುಕಿನದು. ಕೋಟೆ ನೋಡದವರು ನಮ್ಮ ಕಡೆ ಸಿಗೋದು ಕಷ್ಟ. ಶಾಲೆಯಲ್ಲಿ ಟೂರ್ ಹೋದಾಗ ಹತ್ತಿದ ಅದೇ ಮೆಟ್ಟಿಲು ಪುಸ್ತಕದಲ್ಲಿ ಬಂದರೆ ಓದುವವನ ಮೈ ಜುಮ್ಮೆನ್ನುತ್ತದೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮೊದಲ ತಪ್ಪು, ಎಂಟನ್ನೂ ಒಟ್ಟಿಗೆ ಕೊಟ್ಟಿದ್ದು. ದಾರ ಕಟ್ಟಿ, ಚೀಲಕ್ಕೆ ಹಾಕಿ, ‘ಮೂರು ತಿಂಗಳು ಇಟ್ಕೊಳ್ಳಿ’ ಅಂತ ಕೊಟ್ಟೆ. ಹನ್ನೊಂದು ಜನ ಒಯ್ದರು. ಒಂಬತ್ತು ಕಟ್ಟು ದಾರ ಬಿಚ್ಚದೆ ವಾಪಸ್ ಬಂದವು! ಒಂದರ ಮೇಲೆ ಹಾಲಿನ ಲೋಟ ಇಟ್ಟ ಗುರುತು. ಎಂಟು ಪುಸ್ತಕ ಒಟ್ಟಿಗೆ ಟೀಪಾಯಿ ಮೇಲೆ ಕೂತರೆ ಅದು ಕೆಲಸದ ಹಾಗೆ ಕಾಣುತ್ತದೆ. ಒಂದೇ ಪುಸ್ತಕ ದಿಂಬಿನ ಪಕ್ಕ ಇದ್ದರೆ ಓದುತ್ತಾರೆ.

ಎರಡನೇ ತಪ್ಪಿಗೆ ಜಾಸ್ತಿ ದುಡ್ಡು ಹೋಯಿತು. ಎಲ್ಲರೂ ಮಾಡೋ ಲೆಕ್ಕವನ್ನೇ ನಾನೂ ಮಾಡಿದೆ. ಮೊದಲನೇ ಭಾಗ ಓದೋರು ಜಾಸ್ತಿ, ಹೋಗ್ತಾ ಹೋಗ್ತಾ ಕಮ್ಮಿ ಆಗ್ತಾರೆ ಅಲ್ವಾ? ಅದಕ್ಕೆ ಕಂಬನಿಯ ಕುಯಿಲು ಆರು ಪ್ರತಿ, ರಕ್ತರಾತ್ರಿ ಮೂರು, ಉಳಿದವು ಒಂದೊಂದು ತಂದೆ. ಎಲ್ಲ ಸೇರಿ ನಾಲ್ಕು ಸಾವಿರದ ಆಸುಪಾಸು ಆಯಿತು. ಒಂದು ತಿಂಗಳಲ್ಲಿ ಮೊದಲನೇ ಭಾಗ ಓದಿದವರು ಹದಿನಾಲ್ಕು ಜನ ಸಾಲು ನಿಂತರು. ರಕ್ತರಾತ್ರಿ ಮೂರೂ ಹೊರಗೆ. ‘ಮುಂದಿನ ವಾರ ಬರ್ರಿ’ ಅಂದೆ. ಹದಿನಾಲ್ಕರಲ್ಲಿ ವಾಪಸ್ ಬಂದವರು ಐದು ಜನ. ಉಳಿದವರು ನನ್ನನ್ನೂ ಬಿಟ್ಟರು, ಸರಣಿಯನ್ನೂ ಬಿಟ್ಟರು.

ಅವತ್ತು ರಾತ್ರಿ ಲೆಡ್ಜರ್ ತೆಗೆದು ಹಿಂದಿನ ಹತ್ತು ವರ್ಷದ ಲೆಕ್ಕ ನೋಡಿದೆ. ಕಳೆದುಹೋದ ಪುಸ್ತಕಗಳ ಪಟ್ಟಿ ಬೇರೆ ಇಟ್ಟಿರುತ್ತೇನೆ, ನೀವೂ ಇಟ್ಟಿರುತ್ತೀರಿ. ಸರಣಿಗಳಲ್ಲಿ ಕಳೆದದ್ದೆಲ್ಲ ಹೆಚ್ಚು ಕಮ್ಮಿ ಎರಡನೇ ಭಾಗವೇ! ಮೊದಲನೆಯದು ವಾಪಸ್ ಬರುತ್ತದೆ, ಕೊನೆಯದೂ ಬರುತ್ತದೆ. ನಡುವಿನದು ಮನೆಯಲ್ಲೇ ಉಳಿಯುತ್ತದೆ. ಅಕ್ಕ ಓದಿ ತಂಗಿಗೆ ಕೊಡುತ್ತಾಳೆ, ತಂಗಿ ಗಂಡನ ಮನೆಗೆ ಒಯ್ಯುತ್ತಾಳೆ. ಮೊದಲನೇ ಭಾಗ ಓದುವಾಗ ಜನಕ್ಕೆ ಇನ್ನೂ ಪರಿಚಯ ಆಗುತ್ತಿರುತ್ತದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ಅವರು ಆ ಊರಿನವರೇ ಆಗಿಬಿಟ್ಟಿರುತ್ತಾರೆ. ಮೊದಲನೇ ಭಾಗ ಕೇಳಿದವನು ಒಂದು ವಾರ ಕಾಯುತ್ತಾನೆ. ಎರಡನೆಯದು ಕೇಳಿದವನು ಒಂದು ದಿನವೂ ಕಾಯಲ್ಲ. ನನ್ನ ಇಡೀ ವ್ಯವಹಾರ ನಿಂತಿರೋದು ಇದರ ಮೇಲೆ.

ಆದ್ದರಿಂದ ಲೆಕ್ಕ ತಿರುಗಿಸಿದೆ. ಈಗ ನನ್ನ ಹತ್ತಿರ ಕಂಬನಿಯ ಕುಯಿಲು ಮೂರು ಪ್ರತಿ, ಮತ್ತೆ ರಕ್ತರಾತ್ರಿ ಆರು, ತಿರುಗುಬಾಣ ಐದು ಇವೆ. ನಡುವಿನ ನಾಲ್ಕೂ ಎರಡೆರಡು. ದುರ್ಗಾಸ್ತಮಾನ ಮೂರು, ಯಾಕೆಂದರೆ ಅದು ದಪ್ಪ, ಜನ ನಿಧಾನಕ್ಕೆ ಓದುತ್ತಾರೆ. ಹೆಚ್ಚಾಗಿದ್ದ ಮೊದಲನೇ ಭಾಗದ ಮೂರು ಪ್ರತಿಯನ್ನು ಒಂದು ಕಾಲೇಜು ಹಾಸ್ಟೆಲ್‌ಗೆ ಕೊಟ್ಟುಬಿಟ್ಟೆ. ಅಲ್ಲಿಂದ ಏಳು ಹುಡುಗರು ರಕ್ತರಾತ್ರಿ ಹುಡುಕಿಕೊಂಡು ನನ್ನ ಅಂಗಡಿಗೆ ಬಂದರು.

ಇನ್ನೊಂದು ಕೆಲಸ, ಮುಂದಿನ ಭಾಗವನ್ನು ಮೊದಲೇ ಎತ್ತಿಡೋದು. ಮೆಂಬರೊಬ್ಬರು ಮೊದಲನೇ ಭಾಗ ಒಯ್ದ ಐದನೇ ದಿನ ಎರಡನೇ ಭಾಗದಲ್ಲಿ ಅವರ ಹೆಸರಿನ ಚೀಟಿ ಇಟ್ಟು ಕೌಂಟರಿನ ಕೆಳಗಿನ ಹಲಗೆಗೆ ಹಾಕಿರುತ್ತೇನೆ. ಐದನೇ ದಿನ ಅನ್ನೋದು ಸುಮಾರಿನ ಮಾತು. ಯಾರಿಗೆ ಮೂರನೇ ದಿನ, ಯಾರಿಗೆ ಹತ್ತನೇ ದಿನ ಅಂತ ಹೇಗೆ ಗೊತ್ತು ಮಾಡಿಕೊಳ್ಳುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಅದು ವರ್ಷಗಟ್ಟಲೆ ಕೂತು ಕಲಿತದ್ದು. ನಡುವಿನ ನಾಲ್ಕು ಕಾದಂಬರಿಯನ್ನು ನಾನು ಯಾವ ಕ್ರಮದಲ್ಲಿ ಕೊಡುತ್ತೇನೆ ಅನ್ನೋದೂ ನನ್ನ ಹತ್ತಿರವೇ ಇರಲಿ.

ಎಲ್ಲಿಂದ ಶುರು ಮಾಡಿಸಬೇಕು ಅನ್ನೋದಕ್ಕೆ ದೊಡ್ಡ ಜಗಳವೇ ಆಗಿತ್ತು. ನಮ್ಮ ಮೆಂಬರೊಬ್ಬರು ಕನ್ನಡ ಮೇಷ್ಟ್ರು, ರಿಟೈರ್ ಆದವರು. ‘ದುರ್ಗಾಸ್ತಮಾನದಿಂದ ಶುರು ಮಾಡಿಸಯ್ಯಾ, ಅಕಾಡೆಮಿ ಪ್ರಶಸ್ತಿ ಬಂದಿರೋದು ಅದಕ್ಕೆ’ ಅಂದರು. ಅವರ ಮಾತೂ ಸರಿಯೇ. 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಆ ಪ್ರಶಸ್ತಿ ಬಂತು, ಅಷ್ಟರಲ್ಲಿ ತ.ರಾ.ಸು. ತೀರಿಕೊಂಡು ವರ್ಷವಾಗಿತ್ತು. ಪರೀಕ್ಷೆ ಮಾಡೋಣ ಅಂತ ಹನ್ನೆರಡು ಜನಕ್ಕೆ ಕೊನೆಯದನ್ನು ಮೊದಲು ಕೊಟ್ಟೆ, ಹನ್ನೆರಡು ಜನಕ್ಕೆ ಮೊದಲನೆಯದನ್ನು. ಕೊನೆಯದರಿಂದ ಶುರು ಮಾಡಿದವರಲ್ಲಿ ಓದಿ ಮುಗಿಸಿದವರು ಎಂಟು ಜನ. ಎಂಟೂ ಜನ ಚೆನ್ನಾಗಿದೆ ಅಂದರು, ಕಣ್ಣಲ್ಲಿ ನೀರು ತಂದುಕೊಂಡರು. ಆದರೆ ಹಿಂದಿನ ಭಾಗ ಕೇಳಿದವರು ಇಬ್ಬರೇ. 1779ರಲ್ಲಿ ದುರ್ಗ ಹೈದರನ ಕೈಗೆ ಬಿದ್ದಾಯಿತು, ಮದಕರಿ ನಾಯಕನ ಕಥೆ ಮುಗಿದಾಯಿತು. ಮನೆ ಬಿದ್ದ ಮೇಲೆ ಅದು ಕಟ್ಟಿದ ಕಥೆ ಕೇಳೋಕೆ ಮನಸ್ಸು ಬರಲ್ಲ. ಮೊದಲಿಂದ ಓದಿದ ಹನ್ನೆರಡರಲ್ಲಿ ಒಂಬತ್ತು ಜನ ಕೊನೆ ಮುಟ್ಟಿದರು. ಅವರು ದುರ್ಗಾಸ್ತಮಾನ ಓದುವಾಗ ಬಿದ್ದದ್ದು ಅವರದೇ ಮನೆ. ಎರಡಕ್ಕೂ ಅಷ್ಟು ವ್ಯತ್ಯಾಸ ಇದೆ. ಮೇಷ್ಟ್ರು ಈಗ ಬಂದವರಿಗೆಲ್ಲ ಕಂಬನಿಯ ಕುಯಿಲನ್ನೇ ಮೊದಲು ಓದಿ ಅನ್ನುತ್ತಾರೆ.

ಒಂದು ಸಂಜೆ ಮರೆಯೋಕೆ ಆಗಲ್ಲ. ಒಂಬತ್ತು ಗಂಟೆ ಆಗಿತ್ತು, ಷಟರ್ ಅರ್ಧ ಎಳೆದಿದ್ದೆ. ಷಟರಿನ ಕೆಳಗೆ ಎರಡು ಪಾದ ಕಂಡವು, ಹವಾಯಿ ಚಪ್ಪಲಿ, ಒಂದರ ಬಾರು ಪಿನ್ ಹಾಕಿದ್ದು. ಬಗ್ಗಿ ನೋಡಿದರೆ ಪಕ್ಕದ ಗಲ್ಲಿಯಲ್ಲಿ ಬ್ಲೌಸ್ ಹೊಲಿಯೋ ಅಕ್ಕ. ಕೊರಳಲ್ಲಿ ಟೇಪು ಹಾಗೇ ಇತ್ತು. ಕೈಯಲ್ಲಿ ರಕ್ತರಾತ್ರಿ, ಅದಕ್ಕೆ ಲೈನಿಂಗ್ ಬಟ್ಟೆಯಲ್ಲಿ ಅವರೇ ಹೊಲಿದ ಕವರ್. ‘ಅಣ್ಣಾ, ಮುಂದಿಂದು ಐತೇನ್ರಿ?’ ಅಂದರು. ‘ಐತಿ, ನಾಳೆ ಕೊಡ್ಲಾ?’ ಅಂದೆ. ‘ಹಂಗಾದ್ರೆ ಆ ದಳವಾಯಿ ಮುದ್ದಣ್ಣ ಏನಾದ ಅಂತ ಅಷ್ಟು ಹೇಳಿಬಿಡ್ರಿ, ನಿದ್ದೆ ಬರಲ್ಲ’ ಅಂದರು. ನಾನು ಹೇಳಲಿಲ್ಲ. ಷಟರ್ ಎತ್ತಿ ತಿರುಗುಬಾಣ ಕೊಟ್ಟೆ. ಅವರು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಎಂಟೂ ಮುಗಿಸಿದರು, ಮುಗಿಸಿದ ಮೇಲೆ ಮಗನನ್ನು ಕರಕೊಂಡು ದುರ್ಗಕ್ಕೆ ಹೋಗಿಬಂದರು. ‘ಈ ಸಲ ಬೇರೆ ಥರ ಕಾಣಿಸ್ತು ಅಣ್ಣಾ’ ಅಂದರು. ಓದುವವರು ಸರಣಿ ಯಾಕೆ ಇಷ್ಟಪಡುತ್ತಾರೆ ಅಂತ ಯಾರಾದರೂ ಕೇಳಿದರೆ ನಾನು ಈ ಅಕ್ಕನ ಕಥೆ ಹೇಳುತ್ತೇನೆ.

ಬಾಡಿಗೆ ವಿಷಯಕ್ಕೆ ಬರೋಣ. ಮೊದಲು ದಿನಕ್ಕೆ ಮೂರು ರೂಪಾಯಿ ಇತ್ತು. ದಪ್ಪ ಪುಸ್ತಕ ಒಯ್ದವರಿಗೆ ಮೀಟರ್ ಓಡಿದ ಹಾಗೆ ಆಗುತ್ತಿತ್ತು. ಈಗ ಸರಣಿಗೆ ಒಂದೇ ರೇಟು, ಎಂಟಕ್ಕೆ 250, ಡಿಪಾಸಿಟ್ 300 ಬೇರೆ. ಟೈಮ್ ನಾಲ್ಕು ತಿಂಗಳು, ಆದರೆ ಒಂದು ಸಲಕ್ಕೆ ಒಂದೇ ಪುಸ್ತಕ. ಒಂದು ತಂದುಕೊಟ್ಟರೆ ಇನ್ನೊಂದು. ಎಂಟನೇ ಪುಸ್ತಕ ಎರಡು ತಿಂಗಳೊಳಗೆ ವಾಪಸ್ ತಂದರೆ 50 ರೂಪಾಯಿ ವಾಪಸ್. ಈ ಐವತ್ತಕ್ಕಾಗಿ ಓದುವವರು ಯಾರೂ ಇಲ್ಲ, ಆದರೆ ಅದನ್ನು ಕೈಗೆ ಕೊಟ್ಟಾಗ ಅವರ ಮುಖ ನೋಡಬೇಕು. ಹತ್ತರಲ್ಲಿ ಏಳು ಜನ ಅದೇ ಐವತ್ತನ್ನು ಮುಂದಿನ ಸರಣಿಗೆ ಸೇರಿಸಿ ವಾಪಸ್ ಕೊಡುತ್ತಾರೆ. ಮೊದಲ ವರ್ಷ ಕೈಯಿಂದ ಹನ್ನೆರಡು ಸಾವಿರ ಹೋಯಿತು, ಎರಡನೇ ವರ್ಷ ಸಮ ಆಯಿತು. ಕೋವಿಡ್‌ನಲ್ಲಿ ಎಕ್ಸೆಲ್ ಗಾಡಿಯಲ್ಲಿ ಮನೆಗೆ ಮುಟ್ಟಿಸೋಕೆ ಹೋಗಿ ಪೆಟ್ರೋಲಿಗೇ ಎಲ್ಲ ಹೋಯಿತು, ನಿಲ್ಲಿಸಿದೆ. ಈಗ ಅಂಗಡಿ ಬಾಡಿಗೆ, ಕರೆಂಟು ಕಳೆದು ತಿಂಗಳಿಗೆ ಒಂಬತ್ತು ಹತ್ತು ಸಾವಿರ ಉಳಿಯುತ್ತದೆ. ನಾನು ಯಾರ ಹತ್ತಿರವೂ ಸಾಲ ಮಾಡಿಲ್ಲ.

ಹೊಸ ಮೆಂಬರು ಬರೋ ದಾರಿ ನನಗೆ ಸಿಕ್ಕಿದ್ದು ಸಿನಿಮಾದಿಂದ. 1972ರ ನಾಗರಹಾವು ನೋಡದವರಿಲ್ಲ. ಪುಟ್ಟಣ್ಣ ಕಣಗಾಲ್ ಆ ಸಿನಿಮಾ ಮಾಡಿದ್ದು ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ: ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ. ಇದು ನಮ್ಮ ಕಸುಬಿನವರಿಗೆ ಹಳೇ ಸಂಗತಿ, ಆದರೆ ಅಂಗಡಿಗೆ ಬರುವ ಹತ್ತು ಜನರಲ್ಲಿ ಎಂಟು ಜನಕ್ಕೆ ಗೊತ್ತಿರಲ್ಲ. ‘ರಾಮಾಚಾರಿ ಕಥೆ ಮೂರು ಪುಸ್ತಕದಲ್ಲಿದೆ’ ಅಂದ ಕೂಡಲೇ ನಿಲ್ಲುತ್ತಾರೆ. ಇದರಲ್ಲೂ ಒಂದು ಸಲ ಸೋತೆ. ಸಿನಿಮಾ ನೋಡಿದವರು ಮೊದಲ ಪುಸ್ತಕದಲ್ಲೇ ನಿಂತುಬಿಡುತ್ತಿದ್ದರು, ‘ಇದೆಲ್ಲ ಗೊತ್ತಲ್ಲ’ ಅಂತ. ಆಮೇಲೆ ಕೊಡುವಾಗ ಒಂದು ಮಾತು ಸೇರಿಸಿ ಕೊಡೋಕೆ ಶುರು ಮಾಡಿದೆ: ‘ಪುಸ್ತಕದಲ್ಲಿರೋ ರಾಮಾಚಾರಿ ಬೇರೆ, ನೋಡಿ.’ ಅಷ್ಟೇ. ಮೂರು ಮುಗಿಸಿದವರು ಅದೇ ಕೋಟೆಯ ಇನ್ನೂರು ಮುನ್ನೂರು ವರ್ಷದ ಹಿಂದಿನ ಕಥೆಗೆ ತಾವಾಗಿಯೇ ದಾಟುತ್ತಾರೆ. ನನ್ನ ದುರ್ಗದ ಓದುಗರಲ್ಲಿ ಅರ್ಧ ಜನ ಹೀಗೆ ಬಂದವರು.

ಬೇರೆ ಸರಣಿಗಳಲ್ಲೂ ಕೈ ಹಾಕಿದೆ. ತೇಜಸ್ವಿಯವರ ಮಿಲೇನಿಯಂ ಸರಣಿ, ಇತಿಹಾಸ, ವಿಜ್ಞಾನ, ಸಾಹಸದ ಮೇಲಿನ 16 ಪುಸ್ತಕ. ಇದಕ್ಕೆ ನನ್ನ ಎತ್ತಿಡೋ ಪದ್ಧತಿ ಬೇಕಾಗಲೇ ಇಲ್ಲ. ಯಾವುದನ್ನು ಮೊದಲು ಓದಿದರೂ ನಡೆಯುತ್ತದೆ. ಮುಂದೇನಾಯ್ತು ಅನ್ನೋ ತವಕ ಅಲ್ಲ ಅದು, ತೇಜಸ್ವಿ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಇರುತ್ತದಲ್ಲ, ಅದಕ್ಕೆ ಜನ ಬರುತ್ತಾರೆ. ಅಪ್ಪ ಮಗ ಇಬ್ಬರೂ ಒಂದೇ ಕಾರ್ಡಿನಲ್ಲಿ ಒಯ್ದು ಓದಿದ ಮನೆಗಳು ಆರೇಳು ಇವೆ. ಕೆನೆತ್ ಆಂಡರ್ಸನ್ ಬರೆದದ್ದನ್ನು ತೇಜಸ್ವಿ ಕನ್ನಡಕ್ಕೆ ತಂದ ಕಾಡಿನ ಕಥೆಗಳು ನಾಲ್ಕು ಭಾಗ. ಅದನ್ನು ಹೈಸ್ಕೂಲ್ ಹುಡುಗರ ಕೈಗೆ ಕೊಟ್ಟರೆ ಮುಗಿಯಿತು, ರಟ್ಟು ಕಿತ್ತು ಬರುವಷ್ಟು ಓದುತ್ತಾರೆ.

ಡಿ.ವಿ.ಜಿ. ಅವರ ಜ್ಞಾಪಕ ಚಿತ್ರಶಾಲೆ ಎಂಟು ಸಂಪುಟ ತಂದಾಗ ಇದು ಓಡಲ್ಲ ಅಂದುಕೊಂಡಿದ್ದೆ. ನನ್ನ ಲೆಕ್ಕ ತಪ್ಪಾಯಿತು. ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವ ಹಿರಿಯರು ಅದನ್ನು ಹಂಚಿಕೊಂಡು ಓದಿದರು, ಮೈಸೂರಿನ ದಿವಾನರ ಸಂಪುಟಕ್ಕೆ ಮಾತ್ರ ಯಾವಾಗಲೂ ಸರತಿ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಕೇಳೋರು ಇವತ್ತಿಗೂ ಇದ್ದಾರೆ. ಅವರು ಲೇಖಕರ ಹೆಸರು ಹೇಳಲ್ಲ, ಕಥೆಯೊಳಗಿನ ಪತ್ತೇದಾರನ ಹೆಸರು ಹಿಡಿದು ‘ಪುರುಷೋತ್ತಮಂದು ಯಾವ್ದಾದ್ರೂ ಕೊಡ್ರಿ’ ಅಂತಾರೆ, ನೆಂಟರನ್ನು ವಿಚಾರಿಸಿದ ಹಾಗೆ. ಹಳೇ ಪ್ರತಿ ನನಗೆ ಸಿಗುವ ಜಾಗ ಎರಡಿವೆ, ಅದನ್ನು ಕೇಳಬೇಡಿ.

ವಾರಪತ್ರಿಕೆ ಧಾರಾವಾಹಿಯನ್ನು ಕತ್ತರಿಸಿ ಬೈಂಡ್ ಮಾಡಿ ಕೊಡೋ ಪ್ರಯೋಗವನ್ನೂ ಮಾಡಿದೆ. ನಮ್ಮ ಅಮ್ಮ ಕತ್ತರಿಸಿ ಇಟ್ಟಿದ್ದ ಎರಡು ಟ್ರಂಕ್ ಇದ್ದವು. ಮೈದಾ ಅಂಟಿಗೆ ಹುಳ ಬೀಳದಿರಲಿ ಅಂತ ಮೈಲುತುತ್ತ ಹಾಕಿ, ಗಟ್ಟಿ ರಟ್ಟು ಕಟ್ಟಿ 22 ಪುಸ್ತಕ ಮಾಡಿದೆ. ನಡುವೆ ಒಂದೊಂದು ವಾರ ಇಲ್ಲ, ಆದರೂ ಜನ ಒಯ್ದರು. ಕಥೆಗಿಂತ ಹೆಚ್ಚಾಗಿ ಹಿಂಬದಿಯ ಹಳೇ ಜಾಹೀರಾತು, ಅರ್ಧ ಕತ್ತರಿಸಿದ ಅಡುಗೆ ಅಂಕಣ ಓದುತ್ತಾರೆ. ಬಾಡಿಗೆ ತೊಗೊಳ್ಳಲ್ಲ ಅದಕ್ಕೆ, ಅದು ಅಮ್ಮನದು.

ಹೋದ ತಿಂಗಳು ರಕ್ತರಾತ್ರಿಯ ಒಂದು ಪ್ರತಿ ಮತ್ತೆ ಕಾಣೆಯಾಗಿದೆ. ಒಯ್ದ ಹುಡುಗಿ ಮದುವೆಯಾಗಿ ರಾಣೆಬೆನ್ನೂರಿಗೆ ಹೋಗಿದ್ದಾಳೆ. ಫೋನ್ ಮಾಡಿದ್ದಕ್ಕೆ ‘ಅತ್ತೆ ಓದ್ತಾ ಇದ್ದಾರೆ ಅಣ್ಣಾ’ ಅಂದಳು. ಶನಿವಾರ ಆ ಕಡೆ ಹೋಗುವ ಕೆಲಸವಿದೆ. ತಿರುಗುಬಾಣ ಚೀಲದಲ್ಲಿ ಇಟ್ಟುಕೊಂಡಿದ್ದೇನೆ, ಅತ್ತೆಗೆ ಕೊಟ್ಟು ಅದನ್ನು ತರಬೇಕು.