ಹಾಪರ್ ಎಣಿಸೋದು ಬಿಟ್ಟೆ, ಸರ್ವರ್ ಉಸಿರಾಡಿತು

ಕಳೆದ ಶನಿವಾರ ರಾತ್ರಿ ನಮ್ಮ ಮೈನ್‌ಕ್ರಾಫ್ಟ್ ಸರ್ವರ್‌ನಲ್ಲಿ 14 ಜನ ಒಟ್ಟಿಗೆ ಆಡಿದರು. ಟಿಪಿಎಸ್ (ಸರ್ವರ್ ಸೆಕೆಂಡಿಗೆ ಹಾಕೋ ಟಿಕ್, ಅಂದರೆ ಆಟದ ಹೆಜ್ಜೆಗಳ ಎಣಿಕೆ, ಪೂರ್ತಿ ವೇಗ 20) 19ರ ಕೆಳಗೆ ಇಳಿಯಲೇ ಇಲ್ಲ. ಹಿಂದೆ ಸರ್ವರ್ ಕುಂಟುತ್ತಿದ್ದಾಗ ಹಾಪರ್‌ಗಳಿಗೆ (ಐಟಂ ಹೀರಿ ಪೆಟ್ಟಿಗೆಗೆ ಸಾಗಿಸೋ ಬ್ಲಾಕ್) ಮಿತಿ ಹಾಕೋ ಮಾತು ಬಂದಾಗ "ಲಿಮಿಟ್ ಹಾಕಿದ್ರೆ ಎಲ್ರೂ ಬಿಟ್ಟು ಹೋಗ್ತಾರೆ ಮಗಾ, ಸುಮ್ನೆ ರ‍್ಯಾಮ್ ಜಾಸ್ತಿ ಮಾಡು" ಅಂದಿದ್ದ ಗೆಳೆಯನೂ ಅದರಲ್ಲಿ ಒಬ್ಬ.

ಅವನ ಮಾತು ಕೇಳಿ ಮೊದಲು 4 ಜಿಬಿಯಿಂದ 8 ಜಿಬಿಗೆ ಹೋದೆ. ತಿಂಗಳಿಗೆ 700 ರೂಪಾಯಿ ಚಿಲ್ಲರೆ ಇದ್ದದ್ದು 1,500ರ ಹತ್ತಿರ ಬಂತು. ಮೂರು ತಿಂಗಳು ಕಟ್ಟಿದೆ, ಟಿಪಿಎಸ್ 12ರಲ್ಲೇ ಕೂತಿತ್ತು. ಸುಸ್ತಾಗಿದ್ದು ಮುಖ್ಯ ಥ್ರೆಡ್, ಅಂದರೆ ಆಟದ ಲೆಕ್ಕವನ್ನು ಒಂದೇ ಸಾಲಲ್ಲಿ ಮಾಡೋ ಪ್ರೊಸೆಸರ್ ಕೆಲಸ. ಅದಕ್ಕೆ ಮೆಮೊರಿ ಸುರಿಯೋದು ನೀರಲ್ಲಿ ಹೋಮ ಮಾಡಿದ ಹಾಗೆ.

ಆಮೇಲೆ ಒಂದು ಪ್ಲಗಿನ್ ಹಾಕಿ ಚಂಕ್‌ಗೆ (ಜಗತ್ತಿನ 16×16 ಬ್ಲಾಕ್‌ನ ತುಂಡು) 16 ಹಾಪರ್ ಅಂತ ಮಿತಿ ಇಟ್ಟೆ. ಹುಡುಗರು ನಾಲ್ಕು ಚಂಕ್ ಸೇರೋ ಗಡಿಯ ಮೇಲೆ ಕಟ್ಟಿ ನಾಲ್ಕರಲ್ಲೂ 16, 16 ಇಟ್ಟರು. ಹಾಪರ್ ಒಂದೊಂದು ಐಟಂ ಸಾಗಿಸೋ ನಡುವಿನ ಅಂತರವನ್ನು 8 ಟಿಕ್‌ನಿಂದ 16ಕ್ಕೆ ಏರಿಸಿದೆ, ಒಬ್ಬ ವಾರಗಟ್ಟಲೆ ಕೂತು ಕಟ್ಟಿದ್ದ ಹಾಪರ್ ಗಡಿಯಾರಗಳ (ಹಾಪರ್ ವೇಗದ ಮೇಲೆ ನಡೆಯೋ ಟೈಮರ್) ಲೆಕ್ಕವೆಲ್ಲ ತಪ್ಪಿತು. ವಾಪಸ್ 8ಕ್ಕೇ ತಂದೆ.

ಕೊನೆಗೆ ಸರ್ವರ್ ಭಾರ ಎಲ್ಲಿದೆ ಅಂತ ಅಳೆಯೋ ಸ್ಪಾರ್ಕ್ ಓಡಿಸಿ ನೋಡಿದರೆ ಭಾರ ಬೇರೆ ಕಡೆ ಇತ್ತು. ಚಿನ್ನದ ಫಾರ್ಮ್‌ನ (ಜಾಂಬಿ ಪಿಗ್ಲಿನ್‌ಗಳನ್ನು ಕೊಂದು ಚಿನ್ನ ಕೂಡಿಸೋ ಕಟ್ಟಡ) ಪೆಟ್ಟಿಗೆಗಳು ತುಂಬಿ, ಕೊಳೆತ ಮಾಂಸ ರಾತ್ರಿಯಿಡೀ ನೆಲಕ್ಕೆ ಸುರಿಯುತ್ತಿತ್ತು. ಬಿದ್ದ ಐಟಂ 6000 ಟಿಕ್, ಅಂದರೆ ಐದು ನಿಮಿಷ ಬದುಕಿರುತ್ತೆ. ಅವಸರಪಟ್ಟು ಎಲ್ಲಕ್ಕೂ ಒಂದೇ ನಿಮಿಷ ಇಟ್ಟೆ. ಅದೇ ಸಂಜೆ ಒಬ್ಬ ಸತ್ತು, ಓಡಿ ಬರುವಷ್ಟರಲ್ಲಿ ಅವನ ನೆದರೈಟ್ ಕವಚ ಮಾಯ. ಎರಡು ದಿನ ಅವನು ಮಾತೇ ಆಡಲಿಲ್ಲ. ನನಗೂ ನಿಜವಾಗಿ ಬೇಜಾರಾಯಿತು, ಹೊಸ ಕವಚ ಕೊಟ್ಟೆ.

ನಮ್ಮ ಸರ್ವರ್ ಸಾಫ್ಟ್‌ವೇರ್ ಪೇಪರ್‌ನ ವರ್ಲ್ಡ್ ಕಾನ್ಫಿಗ್‌ನಲ್ಲಿ ಐಟಂ ಐಟಂಗೂ ಬೇರೆ ಆಯಸ್ಸು ಕೊಡೋ ಜಾಗ ಇದೆ, ಆಲ್ಟ್-ಐಟಂ-ಡಿಸ್ಪಾನ್-ರೇಟ್. ಅದನ್ನು ಆನ್ ಮಾಡಿ ಕಾಬಲ್‌ಸ್ಟೋನ್, ನೆದರ್‌ರ‍್ಯಾಕ್‌ಗೆ 300 ಟಿಕ್, ಕೊಳೆತ ಮಾಂಸ, ಬಿದಿರಿಗೆ 600 ಕೊಟ್ಟೆ. ಕತ್ತಿ, ಕವಚ, ವಜ್ರ ಮುಟ್ಟಲಿಲ್ಲ. ಮಾರನೇ ದಿನವೇ ಟಿಪಿಎಸ್ 17 ದಾಟಿತು. ಉಳಿದ ಎರಡು ಮೂರು, ಹಾಪರ್ ತಲೆ ಮೇಲೆ ಕಾಂಪೋಸ್ಟರ್ (ಗೊಬ್ಬರದ ಪಾತ್ರೆ) ಇಡಿಸಿದ್ದರಿಂದ ಬಂತು: ಮೇಲೆ ಪಾತ್ರೆ ಇದ್ದರೆ ಅದು ಬಿದ್ದ ಐಟಂ ಹುಡುಕೋ ಗೋಜಿಗೆ ಹೋಗಲ್ಲ. ನನ್ನ ಪಟ್ಟಿಯಲ್ಲಿ ಒಟ್ಟು 23 ಐಟಂ ಇವೆ. ಪೂರ್ತಿ ಪಟ್ಟಿ ಕೊಡಲ್ಲ, ಮರ್ಜ್ ರೇಡಿಯಸ್ (ಬಿದ್ದ ಐಟಂಗಳು ಎಷ್ಟು ಹತ್ತಿರ ಇದ್ದರೆ ಒಂದಾಗ್ತವೆ ಅನ್ನೋದು) ಎಷ್ಟಿಟ್ಟೆ ಅಂತಲೂ ಹೇಳಲ್ಲ. ಅದಕ್ಕೆ ನಾಲ್ಕು ಭಾನುವಾರ ಹೋಗಿವೆ.

ನಡುವೆ ಸ್ಟ್ಯಾಕ್ ಮಿತಿಯನ್ನೂ (ಒಂದು ಖಾನೆಯಲ್ಲಿ ಎಷ್ಟು ಐಟಂ ಪೇರಿಸಬಹುದು ಅನ್ನೋದು) ಕೆದಕಿದೆ. ಆಟದ 1.20.5 ಆವೃತ್ತಿಯಿಂದ ಒಂದೊಂದು ಐಟಂಗೂ ಸ್ಟ್ಯಾಕ್ ಗಾತ್ರ 1ರಿಂದ 99ರವರೆಗೆ ಇಡಬಹುದು. ಅಂಗಡಿಯಲ್ಲಿ ಮಾರೋ ಪೋಷನ್‌ಗೆ 16 ಕೊಟ್ಟೆ, ಜನ ಮುಗಿಬಿದ್ದರು. ಆದರೆ ಅವು ಮನೆಯಲ್ಲಿ ಕುದಿಸಿದ ಪೋಷನ್ ಜೊತೆ ಸೇರಲ್ಲ. ಪೆಟ್ಟಿಗೆಯಲ್ಲಿ ಎರಡು ಜಾತಿ ಆಗಿ ಗಲಿಬಿಲಿ ಆಯಿತು. ಸವೆಯೋ ಐಟಂಗೆ ಈ ಆಟ ನಡೆಯಲ್ಲ, ಕತ್ತಿಗಳನ್ನು ಪೇರಿಸೋಕೆ ಹೋಗಬೇಡಿ. ಸಾವಿನಿಂದ ಒಮ್ಮೆ ಉಳಿಸೋ ಟೋಟೆಮ್‌ಗೆ ಬೇಕಂತಲೇ 1 ಬಿಟ್ಟಿದ್ದೇನೆ, ಇಲ್ಲದಿದ್ದರೆ ಪಿವಿಪಿಗೆ (ಆಟಗಾರರ ನಡುವಿನ ಕಾದಾಟ) ಅರ್ಥ ಇರಲ್ಲ.

ಈ ತಿಂಗಳು 4 ಜಿಬಿ ಪ್ಲಾನ್‌ಗೇ ಇಳಿದೆ. ಹಾಪರ್ ಮಿತಿ ಪ್ಲಗಿನ್ ಕಿತ್ತೆ. ಬಿಟ್ಟು ಹೋಗಿದ್ದ ಇಬ್ಬರು ಮರಳಿ ಬಂದು ಐರನ್ ಫಾರ್ಮ್ ಕಟ್ಟೋಕೆ ಶುರು ಮಾಡಿದ್ದಾರೆ.