ವಯಸ್ಸಾದವರಿಗೆ ಮನೆ ಕಟ್ಟೋದಾದರೆ ಬಚ್ಚಲಿನಿಂದ ಶುರು ಮಾಡಿ

ನಾನು ಕಲಬುರಗಿ ಜಿಲ್ಲೆಯ ಶಹಾಬಾದ್ ಕಡೆಯ ಗೌಂಡಿ, ಅಂದರೆ ಮನೆ ಕಟ್ಟುವವನು. ಕೆಲಸ ಹಿಡಿದು ಮೂವತ್ತು ವರ್ಷ ಆಯಿತು. ಮುದುಕರ ಮನೆ ಹೇಗಿರಬೇಕು ಅಂತ ಯೋಚನೆ ಮಾಡಿದ್ದು ಮಾತ್ರ ನಮ್ಮ ಅವ್ವ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ. ಆ ಪಾಲಿಶ್ ಕಲ್ಲು ಹಾಸಿದವನು ನಾನೇ. ಬೀಳುವಾಗ ಟವೆಲ್ ರಾಡ್ ಹಿಡಿದಿದ್ದಳು. ನಾನು ಓಡಿ ಹೋದಾಗ ಅದು ಸ್ಕ್ರೂ ಸಮೇತ ಕಿತ್ತು ಅವಳ ಕೈಯಲ್ಲೇ ಇತ್ತು.

ಆಮೇಲೆ ನಮ್ಮೂರಿನ ಆರು ಮನೆಯ ಹಿರಿಯರು ಒಟ್ಟಿಗೆ ಬಂದು ಕೇಳಿದರು. ಮಕ್ಕಳು ಪುಣೆ, ಹೈದರಾಬಾದ್, ಬೆಂಗಳೂರು ಸೇರಿದ್ದಾರೆ. ದೊಡ್ಡ ಮನೆ ಗುಡಿಸೋಕೂ ಕೈಲಾಗಲ್ಲ, ವೃದ್ಧಾಶ್ರಮಕ್ಕೆ ಹೋಗೋಕೆ ಮನಸ್ಸಿಲ್ಲ. ಅವರಿಗೆ ಕಟ್ಟಿದ ವಠಾರದಲ್ಲಿ ಕಲಿತದ್ದನ್ನೇ ಇಲ್ಲಿ ಹೇಳುತ್ತೇನೆ.

ನಕ್ಷೆ ಬರೆಯುವಾಗ ಮೊದಲು ಬಚ್ಚಲು ಬರೆಯಿರಿ. 5 ಅಡಿ ಅಗಲ, 5 ಅಡಿ ಉದ್ದ ಖಾಲಿ ಜಾಗ ಉಳಿದರೆ ಗಾಲಿಕುರ್ಚಿ ತಿರುಗುತ್ತದೆ. ಬಾಗಿಲು 3 ಅಡಿ ಇರಲಿ, ಹೊರಕ್ಕೇ ತೆರೆಯಲಿ. ಒಳಗೆ ಬಿದ್ದವರ ಮೈ ಅಡ್ಡ ಬಂದರೆ ಒಳಕ್ಕೆ ತೆರೆಯುವ ಬಾಗಿಲನ್ನು ದೂಡೋಕೆ ಆಗಲ್ಲ. ಚಿಲಕವೂ ಹೊರಗಿನಿಂದ ತೆಗೆಯುವಂಥದ್ದೇ ಬೇಕು.

ನೆಲಕ್ಕೆ ನಮ್ಮ ಶಹಾಬಾದ್ ಕಲ್ಲೇ ಸಾಕು, ಆದರೆ ಪಾಲಿಶ್ ಮಾಡದ ಒರಟು ಪರಸಿ (ಹಾಸುಗಲ್ಲು). ಅಗ್ಗ, ಹತ್ತಿರದಲ್ಲೇ ಸಿಗುತ್ತದೆ, ಒದ್ದೆಯಾದರೂ ಕಾಲಿಗೆ ಹಿಡಿತ ಸಿಗುತ್ತದೆ. ಇದು ಸುಣ್ಣದ ಕಲ್ಲು, ನೆನಪಿರಲಿ. ಬಚ್ಚಲು ತೊಳೆಯೋಕೆ ಆಸಿಡ್ ಸುರಿದರೆ ನೊರೆ ಬಂದು ಕಲ್ಲನ್ನು ತಿನ್ನುತ್ತದೆ. ಸೋಪಿನ ನೀರು, ಪೊರಕೆ ಸಾಕು. ಕಲ್ಲು ಬೂದು ಬಣ್ಣದ್ದಾದ್ದರಿಂದ ಬಿಳಿ ಕಮೋಡ್ ಮಂದ ಕಣ್ಣಿಗೂ ಚೆನ್ನಾಗಿ ಕಾಣುತ್ತದೆ.

ಕಮೋಡ್ ಎತ್ತರ ಎಷ್ಟು? ಅಂಗಡಿಯವರನ್ನು ಕೇಳಬೇಡಿ. ಇಟ್ಟಿಗೆ ಜೋಡಿಸಿ ಹಲಗೆ ಇಟ್ಟು ಅದರ ಮೇಲೆ ಅವರನ್ನೇ ಕೂರಿಸಿ, ಏಳೋಕೆ ಹೇಳಿ. ನಾವು ಹಾಗೇ ಮಾಡಿದೆವು. ಒಬ್ಬ ಮುತ್ಯಾ 15 ಇಂಚಿನಲ್ಲಿ ಮೂರು ಸಲ ಊರಿದರೂ ಏಳಲಿಲ್ಲ. ಇನ್ನೊಂದು ಇಟ್ಟಿಗೆ ಸೇರಿಸಿ 18 ಇಂಚು ಮಾಡಿದ ಕೂಡಲೇ ಎದ್ದು ನಿಂತರು. ಪಕ್ಕದ ಗೋಡೆಗೆ 28 ಇಂಚು ಎತ್ತರದಲ್ಲಿ ಒಂದೂವರೆ ಇಂಚಿನ ಸ್ಟೀಲ್ ಪೈಪ್ ಕೂರಿಸಿ. ಗಟ್ಟಿ ಗೋಡೆಗೆ ಆಳವಾಗಿ ಬೋಲ್ಟ್ ಹಾಕಿ. ಆಮೇಲೆ ನಿಮ್ಮ ಪೂರ್ತಿ ಭಾರ ಬಿಟ್ಟು ಜಗ್ಗಿ ನೋಡಿ. ಅಲುಗಾಡಿದರೆ ಕಿತ್ತು ಮತ್ತೆ ಹಾಕಿ.

ಹೊಸ್ತಿಲಿನ ವಿಷಯಕ್ಕೆ ಆಯಿಗಳು ಒಪ್ಪಲಿಲ್ಲ. ಎತ್ತರ ಬೇಡ ಅಂದರೆ, ಪೂಜೆ ಎಲ್ಲಿ ಮಾಡಲಿ ಅಂದರು. ಅವರ ಮಾತೂ ಸರಿಯೇ ಅಲ್ವಾ? ಬಾಗಿಲಲ್ಲಿ ಬೇರೆ ಬಣ್ಣದ ಕಲ್ಲಿನ ಪಟ್ಟಿಯನ್ನು ನೆಲದ ಮಟ್ಟಕ್ಕೇ ಕೂರಿಸಿದೆ. ಈಗ ಅದರ ಮೇಲೆ ಅರಿಶಿನ ಕುಂಕುಮ ಇಡುತ್ತಾರೆ, ಯಾರ ಕಾಲಿಗೂ ತಾಗಲ್ಲ.

ಮನೆಗಳನ್ನು ಬಿಡಿಬಿಡಿಯಾಗಿ ಕಟ್ಟಬೇಡಿ. ಮೂರು ಮೂರರಂತೆ ಎದುರು ಬದುರು ಎರಡು ಸಾಲು, ನಡುವೆ ಅಂಗಳ, ಅಂಗಳದಲ್ಲಿ ಬೇವಿನ ಗಿಡ. ಪಕ್ಕದ ಗೋಡೆಗಳು ಹಂಚಿಕೆಯಾಗಿ 12ರ ಬದಲು 8 ಗೋಡೆ ಸಾಕಾಯಿತು. ಉಳಿದ ಹಣದಲ್ಲಿ ನೋಡಿಕೊಳ್ಳುವ ದಂಪತಿಗೆ ಒಂದು ಕೋಣೆ ಎತ್ತಿದೆವು. ಪ್ರತಿ ಮನೆಗೂ ಅದರದೇ ಬಾಗಿಲು, ಅದರದೇ ಒಲೆ. ಆದರೆ ಎಲ್ಲ ಬಾಗಿಲೂ ಅಂಗಳಕ್ಕೇ ತೆರೆಯಬೇಕು. ಬೆಳಿಗ್ಗೆ ಒಂದು ಬಾಗಿಲು ತೆರೆಯದಿದ್ದರೆ ಎದುರಿನವರಿಗೆ ಗೊತ್ತಾಗುತ್ತದೆ. ಬಚ್ಚಲಿಂದ ಆ ದಂಪತಿ ಕೋಣೆಗೆ ಬ್ಯಾಟರಿ ಗಂಟೆ ಹಾಕಿ, ಅದರ ಹಗ್ಗ ನೆಲದವರೆಗೆ ಇಳಿದಿರಲಿ. ಬಿದ್ದವರ ಕೈಗೆ ಮೇಲಿನ ಸ್ವಿಚ್ ಸಿಗಲ್ಲ.

ನಮ್ಮದು ಎರೆ ಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಪಾಯ ಮುರುಮ್, ಅಂದರೆ ಕೆಳಗಿನ ಗಟ್ಟಿ ಗರಸು ಮಣ್ಣು, ಸಿಗುವವರೆಗೆ ಇಳಿಯಲೇಬೇಕು. ತುಂಬಾ ಆಳ ಹೋದರೂ ಸಿಗದಿದ್ದರೆ ಇಂಜಿನಿಯರ್‌ಗೆ ತೋರಿಸಿ. ಗಾಲಿಕುರ್ಚಿ ಮನೆಗೆ ಹತ್ತುವ ಇಳಿಜಾರು ದಾರಿಗೂ ಎರೆ ತೆಗೆದು ಮುರುಮ್ ತುಂಬಿ ಬಡಿಯಿರಿ, ಇಲ್ಲವಾದರೆ ಒಂದೇ ವರ್ಷದಲ್ಲಿ ಬಿರುಕು ಎದ್ದು ಅದಕ್ಕೇ ಎಡವುತ್ತಾರೆ. ಆ ದಾರಿಯ ಲೆಕ್ಕ ಸುಲಭ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಕಟ್ಟೆ 18 ಇಂಚು ಇದ್ದರೆ ದಾರಿ 18 ಅಡಿ.

ಇನ್ನು ಬಿಸಿಲು. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ, ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಪೂರ್ತಿ ಕಾವು ಬಿಡುತ್ತದೆ. ಪ್ರತಿ ವರ್ಷ ಶಿವರಾತ್ರಿ ಮುಗಿದ ಮೇಲೆ ಮಾಳಿಗೆಗೆ ಎರಡು ಕೋಟ್ ಸುಣ್ಣ ಬಳಿಯಿರಿ. ಪಡುವಣ ಗೋಡೆ ದಪ್ಪ ಕಲ್ಲಿನದೇ ಆಗಲಿ, ಅಲ್ಲಿ ಕಿಟಕಿ ಚಿಕ್ಕದಿರಲಿ. ಮುಖ್ಯವಾಗಿ ಪಡಸಾಲೆ 7 ಅಡಿ ಅಗಲ ಬಿಡಿ. ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆ ಹತ್ತಿ ಮಲಗುತ್ತಾರೆ, ಇವರಿಗೆ ಮೆಟ್ಟಿಲು ಆಗಲ್ಲ. ಪಡಸಾಲೆಯಲ್ಲಿ ಹೊರಸು (ಮಂಚ) ಹಾಕಿದ ಮೇಲೂ ಪಕ್ಕದಲ್ಲಿ ಗಾಲಿಕುರ್ಚಿ ಹೋಗಬೇಕು.

ಮಾಳಿಗೆ ನೀರು ಸುಮ್ನೆ ಹರಿದು ಹೋಗೋದು ಬೇಡ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಮಾಳಿಗೆ 180 ಚದರ ಮೀಟರ್. ಒಂದು ಒಳ್ಳೆ ಮಳೆಗೆ, ಅಂದರೆ 20 ಮಿಲಿಮೀಟರಿಗೆ, 3,000 ಲೀಟರಿಗೂ ಜಾಸ್ತಿ ತೊಟ್ಟಿಗೆ ಇಳಿಯುತ್ತದೆ.

ಕೀಲಿ ಕೊಡುವ ಮುಂಚೆ ಒಂದು ರಾತ್ರಿ ನೀವೇ ಅಲ್ಲಿ ಮಲಗಿ. ಮೇನ್ ಸ್ವಿಚ್ ತೆಗೆದು ಹೊರಸಿನಿಂದ ಬಚ್ಚಲಿಗೆ ಕತ್ತಲಲ್ಲೇ ಹೋಗಿ ಬನ್ನಿ. ಕೈ ಎಲ್ಲೆಲ್ಲಿ ಆಸರೆ ಹುಡುಕುತ್ತದೋ ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿ. ಬೆಳಿಗ್ಗೆ ಎದ್ದು ಆ ಜಾಗಕ್ಕೆಲ್ಲ ಪೈಪ್ ಹಾಕಿಸಿ.